ಒಂದೇ ಗಾಳಿ, ನಾಲ್ಕು ದಿಕ್ಕು

ಹೊಡೆಯಬೇಕಾದ ದೂರ ಸುಮಾರು 125 ಗಜ, ಅಷ್ಟೇ. ಕುಳಿಯಲ್ಲಿ ನೆಟ್ಟ ಬಾವುಟ ಕಣ್ಣೆದುರೇ ಇದೆ. ಅದರ ಸುತ್ತ ಒಪ್ಪವಾಗಿ ಕತ್ತರಿಸಿದ ಹುಲ್ಲೂ ಕಾಣುತ್ತಿದೆ. ನಡುವೆ ಒಂದು ತೊರೆ. ದೊಡ್ಡದೇನಲ್ಲ, ಆದರೆ ನೆಟ್ಟಗೆ ಹರಿದುಹೋಗುವ ಬುದ್ಧಿ ಅದಕ್ಕಿಲ್ಲ. ಹೊರಳಿ, ಮತ್ತೆ ಹೊರಳಿ ಆಟಗಾರನ ದಾರಿಗೇ ಅಡ್ಡ ಬರುತ್ತದೆ. ಆಟಗಾರ ಬಗ್ಗಿ ಒಂದು ಚಿಟಿಕೆ ಹುಲ್ಲು ಕಿತ್ತು ಎದೆಮಟ್ಟದಿಂದ ಬಿಡುತ್ತಾನೆ. ಅದು ಕಾಲ ಬಳಿ ಬೀಳದೆ ಪಕ್ಕಕ್ಕೆ ಹಾರಿಹೋಗುತ್ತದೆ. ಚೀಲದಿಂದ ಎಳೆದಿದ್ದ ಕೋಲನ್ನು ಅವನು ಮತ್ತೆ ಚೀಲಕ್ಕೆ ತುರುಕಿ ಇನ್ನೊಂದನ್ನು ತೆಗೆಯುತ್ತಾನೆ. ಅದನ್ನೂ ಇಟ್ಟು ಮೊದಲಿನದನ್ನೇ ಹಿಡಿಯುತ್ತಾನೆ. ಹಿಂದಿನ ಹೋಲಿನಲ್ಲಿ ಹಿಂದುಮುಂದು ನೋಡದೆ ಬೀಸಿದ್ದವನು ಈ ಗೇಣುದ್ದದ ಹೋಲಿನ ಮುಂದೆ ಇಷ್ಟು ಹೊತ್ತು ನಿಂತಿದ್ದಾನೆ.

ಇದು ಸ್ಕಾಟ್ಲೆಂಡಿನ ಉತ್ತರದಲ್ಲಿ, ಸದರ್‌ಲ್ಯಾಂಡ್ ಸೀಮೆಯ ಪೂರ್ವ ಕರಾವಳಿಯಲ್ಲಿರುವ ಬ್ರೋರಾ ಎಂಬ ಸಣ್ಣ ಊರಿನ ಗಾಲ್ಫ್ ಮೈದಾನ. 13ನೆಯ ಈ ಹೋಲಿಗೆ 'ಸ್ನೇಕ್' ಎಂದು ಹೆಸರು. ಹಾವು ಆ ತೊರೆಯೇ. ಕ್ಲಬ್ ಶುರುವಾದದ್ದು 1891ರಲ್ಲಿ. (ಅಷ್ಟು ಹೊತ್ತಿಗೆ ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ಬಿಗೆ 15 ವರ್ಷ ತುಂಬಿತ್ತು ಎಂಬುದು ಸ್ಕಾಟ್ಲೆಂಡಿನವರಿಗೆ ಹೇಳಿ ನೋಡಬೇಕಾದ ಮಾತು.) ಗಾಲ್ಫ್‌ನ ದೊಡ್ಡ ಪಂದ್ಯಾವಳಿಯಾದ ಬ್ರಿಟಿಷ್ ಓಪನ್ ಇಲ್ಲಿಗೆ ಎಂದೂ ಬಂದಿಲ್ಲ. ಅರ್ಧ ಗಂಟೆ ದಕ್ಷಿಣಕ್ಕೆ ರಾಯಲ್ ಡಾರ್ನಾಕ್ ಮೈದಾನ ಇದೆ. ಅಮೆರಿಕದ ಗಾಲ್ಫ್ ಬರಹಗಾರ ಹರ್ಬರ್ಟ್ ವಾರೆನ್ ವಿಂಡ್ 1964ರಲ್ಲಿ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದ ಮೇಲೆ ಗಾಲ್ಫ್ ಹುಚ್ಚಿನವರಿಗೆ ಅದು ಯಾತ್ರಾಸ್ಥಳವಾಯಿತು. ಬ್ರೋರಾ ಆ ದೊಡ್ಡ ದೇವಸ್ಥಾನದಿಂದ ಸ್ವಲ್ಪ ಮುಂದಿನ ಸಣ್ಣ ಗುಡಿ. ಅಲ್ಲಿಯವರೆಗೆ ಹೋದವರು ಹಿಂದಿರುಗಿ ಹೇಳುವ ಮಾತುಗಳಲ್ಲಿ ಮಾತ್ರ ಅದರ ನಾಲ್ಕು ಗಿಡ್ಡ ಹೋಲುಗಳು ಬಂದೇ ಬರುತ್ತವೆ: 6, 9, 13 ಮತ್ತು 18. ಉದ್ದದ ಹೋಲುಗಳನ್ನು ಆಡಲು ಹಿಡಿಯುವ ಹೊತ್ತು ಹೆಚ್ಚು, ಸಿಗುವ ಹೊಡೆತ ಹೆಚ್ಚು, ಆಗುವ ಅನಾಹುತವೂ ಹೆಚ್ಚು. ಆದರೂ ನೆನಪಿನಲ್ಲಿ ನಿಲ್ಲುವುದು ಗಿಡ್ಡವು. ಯಾಕೆ?

ಎಲ್ಲರಿಗೂ ಒಂದೇ ಪ್ರಶ್ನೆ

ಗಾಲ್ಫ್ ಎಂದರೆ ನಮ್ಮಲ್ಲಿ ಕ್ರೀಡಾಪುಟದ ಮೂಲೆಯ ಸುದ್ದಿ. 2021ರ ಆಗಸ್ಟ್‌ನ ಒಂದು ಶನಿವಾರ ಬೆಳಿಗ್ಗೆ ಮಾತ್ರ ಹಾಗಿರಲಿಲ್ಲ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕಕ್ಕೆ ಕೈಚಾಚುವಷ್ಟು ಹತ್ತಿರ ಬಂದಾಗ, ಬರ್ಡಿ ಯಾವುದು ಬೋಗಿ ಯಾವುದು ಎಂದು ಗೊತ್ತಿಲ್ಲದವರೂ ಟಿವಿ ಮುಂದೆ ಕೂತಿದ್ದರು. ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿ 4ನೆಯ ಸ್ಥಾನ ಸಿಕ್ಕಿತು. ಅಂದು ಕಿವಿಗೆ ಬಿದ್ದ 'ಪಾರ್' ಎಂಬ ಮಾತಿನ ಅರ್ಥ ಇಷ್ಟು: ನುರಿತ ಆಟಗಾರನಿಗೆ ಒಂದು ಹೋಲ್ ಮುಗಿಸಲು ಎಷ್ಟು ಹೊಡೆತ ಸಾಕು ಎಂದು ಮೊದಲೇ ಗೊತ್ತುಮಾಡಿದ ಸಂಖ್ಯೆ. ಸಾಮಾನ್ಯವಾಗಿ 3, 4 ಅಥವಾ 5. ಚೆಂಡನ್ನು ಮೊದಲು ಇಟ್ಟು ಹೊಡೆಯುವ ಜಾಗ ಟೀ, ಕುಳಿ ಇರುವ ನುಣುಪು ಹುಲ್ಲಿನ ಜಾಗ ಗ್ರೀನ್, ಟೀಯಿಂದ ಆ ಕುಳಿಯವರೆಗಿನ ಇಡೀ ದಾರಿ ಒಂದು ಹೋಲ್. ಯಾವ ಹೋಲಾದರೂ ಗ್ರೀನಿನ ಮೇಲೆ ಚೆಂಡನ್ನು ಉರುಳಿಸಿ ಕುಳಿಗೆ ಹಾಕಲು ಎರಡು ಹೊಡೆತ ಎಂದು ಲೆಕ್ಕ. ಹಾಗಾಗಿ ಪಾರ್ 3 ಹೋಲಿನಲ್ಲಿ ಟೀಯಿಂದ ಗ್ರೀನಿಗೆ ಉಳಿಯುವುದು ಒಂದೇ ಹೊಡೆತ. ಗಿಡ್ಡ ಹೋಲ್ ಎನ್ನುವುದು ಇದನ್ನೇ.

ಈ ಲೆಕ್ಕದಿಂದ ಒಂದು ಪರಿಣಾಮ ಹುಟ್ಟುತ್ತದೆ. ಉದ್ದದ ಹೋಲಿನಲ್ಲಿ ನಾಲ್ವರು ಒಟ್ಟಿಗೆ ಹೊರಟರೂ ಮೊದಲ ಹೊಡೆತದ ನಂತರ ನಾಲ್ಕು ಕಡೆ ಚದುರುತ್ತಾರೆ. ಒಬ್ಬ ನಡುದಾರಿಯಲ್ಲಿ, ಇನ್ನೊಬ್ಬ ಮೊಣಕಾಲುದ್ದ ಹುಲ್ಲಿನಲ್ಲಿ, ಮತ್ತೊಬ್ಬ ಮರಳ ಗುಂಡಿಯಲ್ಲಿ. ಅಲ್ಲಿಂದ ಮುಂದೆ ಅವರವರ ಹೋಲು ಅವರವರದು. ಒಬ್ಬನ ಕಷ್ಟ ಇನ್ನೊಬ್ಬನಿಗೆ ಅರ್ಥವಾಗುವುದಿಲ್ಲ, ಆಟ ಮುಗಿದ ಮೇಲೆ ಹೋಲಿಸಿ ಮಾತಾಡಲೂ ಬರುವುದಿಲ್ಲ. ಗಿಡ್ಡ ಹೋಲಿನಲ್ಲಿ ಎಲ್ಲರೂ ಒಂದೇ ಕಡೆ ನಿಂತು, ಚೆಂಡನ್ನು ಅದೇ ಪುಟ್ಟ ಮೊಳೆಯ ಮೇಲಿಟ್ಟು, ಅದೇ ಗ್ರೀನಿಗೆ ಹೊಡೆಯುತ್ತಾರೆ. ನೆಲ ಸರಿಯಿರಲಿಲ್ಲ, ಚೆಂಡು ಹುಲ್ಲಿನಲ್ಲಿ ಹೂತಿತ್ತು ಎನ್ನುವ ನೆಪಗಳಿಗೆ ಅಲ್ಲಿ ಜಾಗವಿಲ್ಲ. ನಾಲ್ವರ ಮುಂದೆಯೂ ಒಂದೇ ಪ್ರಶ್ನೆಪತ್ರಿಕೆ, ಅದರಲ್ಲೂ ಒಂದೇ ಪ್ರಶ್ನೆ. ಸಂಜೆ ಕೂತಾಗ 'ಹಾವಿನ ಹೋಲಿಗೆ ನೀನು ಯಾವ ಕೋಲು ತೆಗೆದೆ?' ಎಂದು ಕೇಳಬಹುದು. ನೆನಪು ಗಟ್ಟಿಯಾಗುವುದು ಹೀಗೆ ಮತ್ತೆ ಮತ್ತೆ ಆಡಿಕೊಂಡದ್ದರಿಂದ.

ಆದರೆ ಪಾರ್ 3 ಹೋಲುಗಳು ಎಲ್ಲ ಮೈದಾನದಲ್ಲೂ ಇವೆ. ಅವುಗಳಲ್ಲಿ ಬಹುಪಾಲು ಮರುದಿನವೇ ಮರೆತುಹೋಗುತ್ತವೆ. ಹಾಗಾದರೆ ಒಂದೇ ಹೊಡೆತ ಎಂಬುದಷ್ಟೇ ಸಾಲದು. ಇನ್ನೇನು ಬೇಕು ಎಂಬುದಕ್ಕೆ ಬ್ರೋರಾ ಒಳ್ಳೆಯ ಸಾಕ್ಷಿ.

ಕಡಲಿಗೂ ರೈಲಿಗೂ ನಡುವೆ

ಬ್ರೋರಾ ಒಂದು ಲಿಂಕ್ಸ್ ಮೈದಾನ. ಲಿಂಕ್ಸ್ ಎಂದರೆ ಬ್ರಿಟನ್ನಿನ ಕರಾವಳಿಯಲ್ಲಿ ಕಡಲತೀರಕ್ಕೂ ಉಳುವ ಹೊಲಕ್ಕೂ ನಡುವೆ ಉಳಿದುಕೊಂಡ ಮರಳುನೆಲ. ಗಾಳಿ ಗುಡ್ಡೆಹಾಕಿದ ಮರಳದಿಬ್ಬಗಳು, ಅವುಗಳ ಮೇಲೆ ಒರಟು ಹುಲ್ಲು, ನಡುವಿನ ತಗ್ಗುಗಳಲ್ಲಿ ಸಣ್ಣೆಲೆಯ ಗಟ್ಟಿ ಹುಲ್ಲು. ಮಳೆ ಬಿದ್ದರೆ ನೀರು ನಿಲ್ಲದೆ ಇಂಗುತ್ತದೆ, ಬೆಳೆ ಮಾತ್ರ ಏಳುವುದಿಲ್ಲ. ಬೇಸಾಯಕ್ಕೆ ಬಾರದ ಈ ನೆಲ ಊರಿನ ದನಕುರಿಗೆ ಸೇರಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಗೋಮಾಳ. ಗಾಲ್ಫ್ ಹುಟ್ಟಿದ್ದು ಈ ಗೋಮಾಳದ ಮೇಲೆಯೇ. ಹೆಚ್ಚಿನ ಕಡೆ ಆ ಗುರುತು ಅಳಿಸಿಹೋಗಿದೆ. ಬ್ರೋರಾದಲ್ಲಿ ಮಾತ್ರ ಸಣ್ಣ ಹಿಡುವಳಿದಾರರ ಮೇವಿನ ಹಕ್ಕು ಬಹುಕಾಲ ಉಳಿದು, ದನ ಮತ್ತು ಕುರಿ ಮೈದಾನದ ತುಂಬ ಮೇಯುತ್ತ ಬಂದವು. ಅವು ಗ್ರೀನನ್ನು ತುಳಿಯದಂತೆ ಪ್ರತಿ ಗ್ರೀನಿನ ಸುತ್ತ ಮೊಣಕಾಲೆತ್ತರದ ವಿದ್ಯುತ್ ತಂತಿ ಇರುತ್ತಿತ್ತು. ಚೆಂಡು ಸಗಣಿಯಲ್ಲಿ ಬಿದ್ದರೆ ಎತ್ತಿ ಪಕ್ಕಕ್ಕಿಡಲು, ತಂತಿಗೆ ಬಡಿದರೆ ಮತ್ತೆ ಹೊಡೆಯಲು ಸ್ಥಳೀಯ ನಿಯಮಗಳಿದ್ದವು. ಬೇಸಿಗೆಯಲ್ಲಿ ಇಲ್ಲೇ ಗೂಡುಕಟ್ಟುವ ಆರ್ಕ್‌ಟಿಕ್ ಟರ್ನ್ ಎಂಬ ಕಡಲಹಕ್ಕಿ ಕ್ಲಬ್ಬಿನ ಲಾಂಛನ. ಗೂಡಿನ ಹತ್ತಿರ ಸುಳಿದವರ ತಲೆಯ ಮೇಲೆ ಅದು ಎರಗಿ ಬರುತ್ತದೆ. ಅದಕ್ಕೆ ಯಾವ ನಿಯಮವೂ ಇಲ್ಲ.

ಈ ನೆಲದ ಮುಖ್ಯ ಗುಣ ಅದರ ಆಕಾರ. ಒಂದು ಬದಿಗೆ ಉತ್ತರ ಸಮುದ್ರ, ಇನ್ನೊಂದು ಬದಿಗೆ ಉತ್ತರಕ್ಕೆ ಸಾಗುವ ರೈಲುಹಳಿ. ನಡುವೆ ಸಿಕ್ಕಿದ್ದು ಉದ್ದನೆಯ ಪಟ್ಟಿ. ಇಂಥ ಪಟ್ಟಿಯ ಮೇಲೆ 18 ಹೋಲುಗಳನ್ನು ಕೂರಿಸಲು ಇರುವ ದಾರಿ ಒಂದೇ: ಮೊದಲ ಒಂಬತ್ತು ಹೋಲು ಕಡಲ ಪಕ್ಕದಲ್ಲೇ ದೂರ ಸಾಗಿ, ಉಳಿದ ಒಂಬತ್ತರಲ್ಲಿ ಒಳಬದಿಯಿಂದ ಮನೆಕಡೆ ತಿರುಗುವುದು. ಹಳೆಯ ಲಿಂಕ್ಸ್‌ಗಳಲ್ಲಿ ಅನೇಕವು ಹೀಗೇ ಇವೆ, ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ಕೂಡ. ಇದರಲ್ಲೊಂದು ಬೇಸರವಿದೆ. ಹೋಗುವಾಗ ಗಾಳಿ ಎದುರಿಗಿದ್ದರೆ ಒಂಬತ್ತು ಹೋಲೂ ಎದುರುಗಾಳಿ. ಬರುವಾಗ ಒಂಬತ್ತೂ ಹಿಂಗಾಳಿ. ಎರಡು ಗಂಟೆ ಒಂದೇ ಪಾಠ, ಮತ್ತೆರಡು ಗಂಟೆ ಅದನ್ನೇ ತಿರುಗಿಸಿ ಓದಿದ್ದು. ಅಗಲವಾದ ಜಾಗವಿದ್ದವರು ಇದಕ್ಕೆ ಬೇರೆ ಉಪಾಯ ಕಂಡುಕೊಂಡರು. ಬ್ರೋರಾ ಶುರುವಾದ 1891ರಲ್ಲೇ ಆಟಕ್ಕೆ ತೆರೆದ ಮ್ಯೂರ್‌ಫೀಲ್ಡ್‌ನಲ್ಲಿ ಮೊದಲ ಒಂಬತ್ತು ಹೋಲು ಗಡಿಯಾರದ ಮುಳ್ಳಿನಂತೆ ಹೊರಸುತ್ತಿನಲ್ಲಿ ತಿರುಗುತ್ತವೆ, ಮುಂದಿನ ಒಂಬತ್ತು ಒಳಸುತ್ತಿನಲ್ಲಿ ಎದುರು ದಿಕ್ಕಿಗೆ. ಗಾಳಿ ಅಲ್ಲಿ ಹೋಲಿನಿಂದ ಹೋಲಿಗೆ ಬದಲಾಗುತ್ತಲೇ ಇರುತ್ತದೆ. ಬ್ರೋರಾಕ್ಕೆ ಅಷ್ಟು ಅಗಲದ ಭಾಗ್ಯವಿರಲಿಲ್ಲ.

1920ರ ದಶಕದ ಮೊದಲರ್ಧದಲ್ಲಿ ಈ ಮೈದಾನವನ್ನು ತಿದ್ದಲು ಬಂದವನು ಜೇಮ್ಸ್ ಬ್ರೇಡ್. ಫೈಫ್ ಸೀಮೆಯ ಅರ್ಲ್ಸ್‌ಫೆರಿಯಲ್ಲಿ 1870ರಲ್ಲಿ ಹುಟ್ಟಿದ ಬ್ರೇಡ್ 1901ರಿಂದ 1910ರ ನಡುವೆ ಐದು ಸಲ ಬ್ರಿಟಿಷ್ ಓಪನ್ ಗೆದ್ದವನು. ಆಮೇಲೆ ನೂರಾರು ಮೈದಾನಗಳನ್ನು ರೂಪಿಸಿದ, ತಿದ್ದಿದ. ನೆಲ ಕೊರೆದು ಗುಡ್ಡ ಕಟ್ಟುವ ಯಂತ್ರಗಳು ಇನ್ನೂ ಅಷ್ಟಾಗಿ ಬಳಕೆಗೆ ಬಂದಿರದ ಕಾಲ. ನಡೆದು ನೋಡಬೇಕು, ದಿಬ್ಬ ಕಂಡಲ್ಲಿ ಗ್ರೀನು, ತೊರೆ ಕಂಡಲ್ಲಿ ಅಡ್ಡಿ, ಅಷ್ಟೇ. ಅವನು ಬಿಟ್ಟುಹೋದ ನಕ್ಷೆ ಹೆಚ್ಚೇನೂ ಬದಲಾಗದೆ ಉಳಿದಿದೆ. ಅದರಲ್ಲಿ ನಾಲ್ಕು ಗಿಡ್ಡ ಹೋಲುಗಳು ಹೆಚ್ಚುಕಡಿಮೆ ನಾಲ್ಕು ದಿಕ್ಕಿಗೆ ಮುಖಮಾಡಿವೆ.

ಗಾಳಿಗೆ ಅಡ್ಡಲಾಗಿ

ಈ ಲೇಖನದ ವಾದವೆಲ್ಲ ನಿಂತಿರುವುದು ಆ ನಾಲ್ಕು ದಿಕ್ಕಿನ ಮೇಲೆ. 400 ಗಜದ ಹೋಲನ್ನು ಕಿರಿದಾದ ಪಟ್ಟಿಗೆ ಅಡ್ಡಲಾಗಿ ಹಾಕಲಾಗದು. ಹಾಕಿದರೆ ಚೆಂಡು ಕಡಲಿಗೋ ರೈಲುಹಳಿಗೋ ಬೀಳುತ್ತದೆ. 125 ಗಜದ್ದನ್ನು, 160 ಗಜದ್ದನ್ನು ಹಾಕಬಹುದು. ಅಂದರೆ ಇಂಥ ನೆಲದಲ್ಲಿ ಆಟಗಾರನನ್ನು ಗಾಳಿಗೆ ಅಡ್ಡಲಾಗಿ ನಿಲ್ಲಿಸಬಲ್ಲದ್ದು ಗಿಡ್ಡ ಹೋಲ್ ಮಾತ್ರ. ಐದು ಹೋಲು ಒಂದೇ ಗಾಳಿಗೆ ಎದುರಾಗಿ ಆಡಿದವನ ಕೈ ಅದಕ್ಕೆ ಒಗ್ಗಿಕೊಂಡಿರುತ್ತದೆ. ಎಷ್ಟು ಬಲ, ಎಷ್ಟು ಎತ್ತರ ಎಂದು ಯೋಚಿಸದೆ ಹೊಡೆಯುವ ಹದಕ್ಕೆ ಬಂದಿರುತ್ತಾನೆ. 6ನೆಯ ಹೋಲಿನಲ್ಲಿ ಅವನನ್ನು ಥಟ್ಟನೆ ಬೇರೆ ದಿಕ್ಕಿಗೆ ತಿರುಗಿಸಿ, ಒಂದೇ ಹೊಡೆತ ಕೊಟ್ಟು, ಈಗ ಹೇಳು ಎನ್ನಲಾಗುತ್ತದೆ. ಕಲಿತದ್ದೆಲ್ಲ ಕೆಲಸಕ್ಕೆ ಬಾರದು. ಆ ಗಲಿಬಿಲಿಯೇ ಹೋಲನ್ನು ನೆನಪಿನಲ್ಲಿ ಒತ್ತುತ್ತದೆ. ಗಿಡ್ಡ ಹೋಲು ನೆನಪಿರುವುದು ಅದರೊಳಗೆ ಏನಿದೆ ಎಂಬುದರಿಂದ ಅರ್ಧ. ಇನ್ನರ್ಧ, ಅದು ಏನನ್ನು ಮುರಿಯಿತು ಎಂಬುದರಿಂದ.

ಗಾಳಿ ಚೆಂಡಿಗೆ ಏನು ಮಾಡುತ್ತದೆ ಎಂದು ಸ್ವಲ್ಪ ನೋಡೋಣ. ಗಾಲ್ಫ್ ಚೆಂಡು ಹಿಂದಕ್ಕೆ ತಿರುಗುತ್ತ ಮುಂದಕ್ಕೆ ಹಾರುತ್ತದೆ. ಆ ತಿರುಗಾಟದಿಂದ ಚೆಂಡಿಗೆ ಮೇಲೆತ್ತುವ ಬಲ ಸಿಗುತ್ತದೆ. ಎದುರುಗಾಳಿಯಲ್ಲಿ ಈ ಬಲ ಹೆಚ್ಚಾಗಿ ಚೆಂಡು ಮೇಲಕ್ಕೇರಿ, ಅಲ್ಲೇ ನಿಂತಂತಾಗಿ, ದೊಪ್ಪನೆ ಕೆಳಗೆ ಬೀಳುತ್ತದೆ. ಹಿಂಗಾಳಿಯಲ್ಲಿ ಬೇಗ ತಗ್ಗುತ್ತದೆ, ನೆಲಕ್ಕೆ ಬಿದ್ದ ಮೇಲೆ ನಿಲ್ಲದೆ ಓಡುತ್ತದೆ. ಎದುರುಗಾಳಿ ಕಸಿದುಕೊಳ್ಳುವಷ್ಟನ್ನು ಅದೇ ವೇಗದ ಹಿಂಗಾಳಿ ಮರಳಿ ಕೊಡುವುದಿಲ್ಲ. ಗಾಳಿಯಲ್ಲಿ ಸೈಕಲ್ ತುಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜೋರಾಗಿ ಹೊಡೆದು ಗಾಳಿಯನ್ನು ಗೆಲ್ಲುತ್ತೇನೆ ಎಂದರೆ ಚೆಂಡು ಇನ್ನೂ ಹೆಚ್ಚು ತಿರುಗಿ ಇನ್ನೂ ಮೇಲೇರುತ್ತದೆ. ಹಾಗಾಗಿ ಉದ್ದದ ಕೋಲು ತೆಗೆದು ಮೆಲ್ಲಗೆ, ತಗ್ಗಾಗಿ ಹೊಡೆಯುವುದು ಲಿಂಕ್ಸ್‌ನ ಹಳೆಯ ಜಾಣತನ. ಬ್ರೋರಾದ 6 ಮತ್ತು 9ನೆಯ ಹೋಲುಗಳ ಉದ್ದದಲ್ಲಿ ಅಂಥ ದೊಡ್ಡ ಅಂತರವಿಲ್ಲ. ದಿಕ್ಕು ಬೇರೆಯಾದದ್ದರಿಂದಲೇ, ಒಂದೇ ದಿನ ಒಂದೇ ಗಾಳಿಯಲ್ಲಿ, ಎರಡಕ್ಕೂ ತೆಗೆಯುವ ಕೋಲು ಬೇರೆ, ಚೆಂಡನ್ನು ಬೀಳಿಸುವ ಜಾಗ ಬೇರೆ.

9ನೆಯದು ಮೈದಾನದ ದೂರದ ತುದಿ. ಗ್ರೀನು ಕಡಲತೀರಕ್ಕೆ ಅಂಟಿಕೊಂಡಿದೆ. 'ಸೀ ಹೋಲ್' ಎಂಬ ಹೆಸರಿಗೆ ವಿವರಣೆ ಬೇಡ. 6ನೆಯದರ ಹೆಸರು 'ವಿಚ್', ಮಾಟಗಾತಿ. ಮಾಟದ ಆರೋಪ ಹೊರಿಸಿ ಬ್ರಿಟನ್ನಿನಲ್ಲಿ ಕೊನೆಯದಾಗಿ ಮರಣದಂಡನೆ ಕೊಟ್ಟದ್ದು ಇದೇ ಸೀಮೆಯ ಡಾರ್ನಾಕ್‌ನಲ್ಲಿ, ಒಬ್ಬ ಹೆಂಗಸಿಗೆ, 1720ರ ದಶಕದಲ್ಲಿ. ಅಂಥ ಊರುಗಳ ನಡುವೆ ಈ ಹೆಸರು ಬರಿಯ ತಮಾಷೆಯಾಗಿ ಕೇಳಿಸುವುದಿಲ್ಲ. ಹೆಸರಿನಿಂದ ನೆನಪಿಗೆ ಒಂದು ಹಿಡಿ ಸಿಗುತ್ತದೆ ಎಂಬುದು ನಿಜ. ಆದರೆ ಈ ಮೈದಾನದ ಎಲ್ಲ 18 ಹೋಲಿಗೂ ಹೆಸರಿದೆಯಲ್ಲ. ಹೆಸರೊಂದೇ ಸಾಕಾಗಿದ್ದರೆ ಎಲ್ಲವೂ ನೆನಪಿರಬೇಕಿತ್ತು.

ಚೆಂದಕ್ಕೆ ನೆನಪಿರುವುದಲ್ಲವೇ?

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಸಹಜವಾದದ್ದು: ಇಷ್ಟೆಲ್ಲ ಬೇಡ, ಗಿಡ್ಡ ಹೋಲು ನೆನಪಿರುವುದು ನೋಡಲು ಚೆಂದವಾಗಿರುವುದರಿಂದ. ಟೀಯಿಂದ ಇಡೀ ಹೋಲು ಒಂದೇ ನೋಟಕ್ಕೆ ಸಿಗುತ್ತದೆ, ಕ್ಯಾಲೆಂಡರಿನ ಚಿತ್ರದ ಹಾಗೆ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನ 7ನೆಯ ಹೋಲು 110 ಗಜವೂ ಇಲ್ಲ. ಸುತ್ತ ಪೆಸಿಫಿಕ್ ಅಲೆಗಳು ಬಂಡೆಗೆ ಬಡಿಯುವ ಅದರ ಫೋಟೋ ನೋಡದ ಗಾಲ್ಫ್ ಪ್ರೇಮಿ ಇರಲಾರ. ಒಪ್ಪೋಣ. ಆದರೆ ಐರ್ಲೆಂಡಿನ ಲಹಿಂಚ್‌ನಲ್ಲಿ 'ಡೆಲ್' ಎಂಬ ಗಿಡ್ಡ ಹೋಲಿದೆ. ಅಲ್ಲಿ ಟೀಯ ಮೇಲೆ ನಿಂತರೆ ಕಾಣುವುದು ಒಂದು ಹುಲ್ಲುದಿಬ್ಬ, ಅದರ ಮೇಲೊಂದು ಬಿಳಿ ಕಲ್ಲು. ಗ್ರೀನು ದಿಬ್ಬದ ಆಚೆ, ಇನ್ನೊಂದು ದಿಬ್ಬದ ಮಡಿಲಲ್ಲಿ ಅಡಗಿದೆ. ಕುಳಿ ಅಂದು ಯಾವ ಕಡೆಗಿದೆಯೋ ಆ ನೇರಕ್ಕೆ ಕಲ್ಲನ್ನು ಸರಿಸಿಡುತ್ತಾರೆ. ಕಲ್ಲಿನ ಮೇಲಿಂದ ಹೊಡೆದು, ದಿಬ್ಬ ಹತ್ತಿ ಇಳಿದು ಚೆಂಡು ಹುಡುಕಬೇಕು. ನೋಡಲು ಏನೇನೂ ಇಲ್ಲದ ಈ ಹೋಲು ನೂರು ವರ್ಷಕ್ಕೂ ಮೀರಿ ಗಾಲ್ಫ್‌ನವರ ಬಾಯಲ್ಲಿದೆ. ಚೆಂದ ಇದ್ದರೆ ಒಳ್ಳೆಯದೇ, ಆದರೆ ನೆನಪಿಗೆ ಅದು ಬೇಕೇಬೇಕು ಎಂದಿಲ್ಲ.

ಹಾಗಾದರೆ ಕಷ್ಟವೇ ಕಾರಣವೇ? 1921ರಲ್ಲಿ ಸೇಂಟ್ ಆಂಡ್ರೂಸ್‌ನ 11ನೆಯ ಗಿಡ್ಡ ಹೋಲಿನ ಮರಳಗುಂಡಿಯಲ್ಲಿ ಸಿಕ್ಕಿಕೊಂಡ 19 ವರ್ಷದ ಬಾಬಿ ಜೋನ್ಸ್, ಸಾಕೆಂದು ಓಪನ್ ಪಂದ್ಯವನ್ನೇ ಕೈಬಿಟ್ಟ. (ಮುಂದೆ ಅದೇ ಮೈದಾನದಲ್ಲಿ 1927ರ ಓಪನ್ ಗೆದ್ದ.) ಇಂಥ ಕಥೆಗಳಿಂದ ಹೋಲುಗಳಿಗೆ ಹೆಸರು ಬರುತ್ತದೆ, ಸುಳ್ಳಲ್ಲ. ಆದರೆ ಕಷ್ಟವೇ ಕಾರಣವಾಗಿದ್ದರೆ ಈಚಿನ ಮೈದಾನಗಳ 230, 240 ಗಜದ ಪಾರ್ 3ಗಳೇ ಎಲ್ಲಕ್ಕಿಂತ ಹೆಚ್ಚು ನೆನಪಿರಬೇಕಿತ್ತು. ಹಾಗಾಗಿಲ್ಲ. ಅಷ್ಟು ಉದ್ದವಾದರೆ ಬಹುಪಾಲು ಜನರಿಗೆ ಗ್ರೀನು ಮುಟ್ಟುವ ಆಸೆಯೇ ಇರುವುದಿಲ್ಲ. ಆಸೆಯಿಲ್ಲದ ಕಡೆ ಹಳಹಳಿಕೆಯೂ ಇಲ್ಲ. ಮನಸ್ಸಿಗೆ ಕೊರೆಯುವುದು ಆಗಬಹುದಿತ್ತು ಎನಿಸಿದ ಹೊಡೆತ.

ಮೂರನೆಯ ಆಕ್ಷೇಪ ಹೆಚ್ಚು ಗಟ್ಟಿ. ಇಂದಿನ ಚೆಂಡು, ಇಂದಿನ ಕೋಲುಗಳಿಂದ ಚೆಂಡು ಬಹಳ ದೂರ ಹೋಗುತ್ತದೆ. 125 ಗಜ ಈಗ ಮಣಿಕಟ್ಟಿನ ಆಟ, ಬ್ರೇಡನ ಲೆಕ್ಕಗಳೆಲ್ಲ ಹಳತಾದವು ಎನ್ನುತ್ತಾರೆ. ಉದ್ದದ ಹೋಲುಗಳ ಮಟ್ಟಿಗೆ ಇದು ಸರಿ. ದೊಡ್ಡ ಪಂದ್ಯ ನಡೆಸುವ ಮೈದಾನಗಳು ಟೀಗಳನ್ನು ಹಿಂದಕ್ಕೆ ಒಯ್ದು ಒಯ್ದು ಬೇಸತ್ತಿವೆ. ಗಿಡ್ಡ ಹೋಲಿನ ಮಟ್ಟಿಗೆ ಮಾತ್ರ ತದ್ವಿರುದ್ಧ, ಯಾಕೆಂದರೆ ಅಲ್ಲಿ ಕೇಳುವುದು ದೂರವನ್ನಲ್ಲ, ನಿಖರತೆಯನ್ನು. ಸ್ಕಾಟ್ಲೆಂಡಿನ ರಾಯಲ್ ಟ್ರೂನ್ ಮೈದಾನದ 8ನೆಯ ಹೋಲಿನ ಉದ್ದ 123 ಗಜ. ಮರಳದಿಬ್ಬದ ಪಕ್ಕೆಯಲ್ಲಿ ಕೊರೆದ ಕಿರಿದಾದ ಗ್ರೀನು, ಸುತ್ತ ಐದು ಬಂಕರುಗಳು, ಅಂದರೆ ಮರಳಗುಂಡಿಗಳು. 'ಪೋಸ್ಟೇಜ್ ಸ್ಟಾಂಪ್' ಎಂದೇ ಖ್ಯಾತಿ. 1950ರ ಓಪನ್‌ನಲ್ಲಿ ಜರ್ಮನಿಯ ಹವ್ಯಾಸಿ ಹರ್ಮನ್ ಟಿಸೀಸ್ ಒಂದು ಬಂಕರಿನಿಂದ ಎದುರಿನ ಬಂಕರಿಗೆ, ಅಲ್ಲಿಂದ ಮತ್ತೆ ಈಚೆಗೆ ಹೊಡೆಯುತ್ತ ಹೋಗಿ 15 ಹೊಡೆತ ತೆಗೆದುಕೊಂಡ. ಗ್ರೀನಿಗೆ ಬಂದ ಮೇಲೆ ಬೇಕಾದದ್ದು ಒಂದೇ ಹೊಡೆತ! 1973ರಲ್ಲಿ 71 ವರ್ಷದ ಜೀನ್ ಸರಾಜೆನ್ ಅದೇ ಹೋಲಿನಲ್ಲಿ 5 ನಂಬರಿನ ಐರನ್ ಕೋಲು ಹಿಡಿದು ಒಂದೇ ಹೊಡೆತಕ್ಕೆ ಚೆಂಡನ್ನು ಕುಳಿಗೆ ಹಾಕಿದ. ಮರುದಿನ ಬಂಕರಿಗೆ ಬಿದ್ದರೂ ಅಲ್ಲಿಂದಲೇ ನೇರ ಕುಳಿಗೆ ಹೊಡೆದು ಎರಡರಲ್ಲಿ ಮುಗಿಸಿದ. ಎರಡು ದಿನಕ್ಕೆ ಒಟ್ಟು ಮೂರು ಹೊಡೆತ, ಗ್ರೀನಿನ ಮೇಲೆ ಚೆಂಡು ಉರುಳಿಸುವ ಕೋಲಾದ ಪಟರನ್ನು ಎತ್ತಿಕೊಂಡದ್ದೇ ಇಲ್ಲ. 2024ರ ಓಪನ್‌ಗೂ ಈ ಹೋಲನ್ನು ಉದ್ದ ಮಾಡುವ ಅಗತ್ಯ ಯಾರಿಗೂ ಕಾಣಲಿಲ್ಲ.

ಇನ್ನೊಂದು ಆಕ್ಷೇಪವನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಕೆಲವು ಗಿಡ್ಡ ಹೋಲುಗಳು ಒಂಟಿಯಾಗಿಯೇ ದೊಡ್ಡವು, ಅವುಗಳಿಗೆ ದಿಕ್ಕಿನ, ಸಾಲಿನ ಹಂಗಿಲ್ಲ. ಸ್ಕಾಟ್ಲೆಂಡಿನ ನಾರ್ತ್ ಬರ್ವಿಕ್ ಮೈದಾನದ 15ನೆಯ ಹೋಲು 'ರೆಡಾನ್'. ಕ್ರಿಮಿಯನ್ ಯುದ್ಧಕಾಲದ ಕೋಟೆಯ ಹೆಸರು. ಗ್ರೀನು ಮುಂದಿನಿಂದ ಹಿಂದಕ್ಕೆ, ಬಲದಿಂದ ಎಡಕ್ಕೆ ಜಾರುತ್ತದೆ. ನೇರ ಬಾವುಟಕ್ಕೆ ಹೊಡೆದರೆ ಚೆಂಡು ನಿಲ್ಲದು. ಬಲ ಹೆಗಲಿನ ಮೇಲೆ ಬೀಳಿಸಿ ಅದು ತಾನಾಗಿ ಉರುಳಿಬರಲು ಬಿಡಬೇಕು. ಅಮೆರಿಕದ ಚಾರ್ಲ್ಸ್ ಬ್ಲೇರ್ ಮ್ಯಾಕ್‌ಡೊನಾಲ್ಡ್ ಈ ಉಪಾಯವನ್ನು ತನ್ನ ನ್ಯಾಷನಲ್ ಗಾಲ್ಫ್ ಲಿಂಕ್ಸ್‌ನ 4ನೆಯ ಹೋಲಿಗೆ ಒಯ್ದ, ಅಲ್ಲಿಂದ ಅದು ಜಗತ್ತಿಗೆಲ್ಲ ಹರಡಿತು. ರೆಡಾನನ್ನು ಎಲ್ಲಿ ಬೇಕಾದರೂ ಕಟ್ಟಬಹುದು. ಬ್ರೋರಾದ್ದು ಹಾಗಲ್ಲ. 'ಸ್ನೇಕ್' ಅನ್ನು ಕಿತ್ತು ಬೇರೆಡೆ ನೆಟ್ಟರೆ ಅದು ತೊರೆ ದಾಟುವ ಒಂದು ಸಣ್ಣ ಹೋಲು, ಅಷ್ಟೇ. ಸಣ್ಣ ಮೈದಾನಗಳ ಗಿಡ್ಡ ಹೋಲುಗಳನ್ನು 'ಇದು ರೆಡಾನ್‌ನಷ್ಟು ಒಳ್ಳೆಯದೇ?' ಎಂದು ಒಂದೊಂದಾಗಿ ತೂಗಿ ನೋಡುವವರು ಎಡವುವುದು ಇಲ್ಲಿಯೇ. ಬ್ರೋರಾದ ನಾಲ್ಕನ್ನು ಒಟ್ಟಿಗೇ ತೂಗಬೇಕು.

ಕೊನೆಗೆ ಗಿಡ್ಡ ಹೋಲೇ?

ಮೈದಾನ ರೂಪಿಸುವವರು ಸಾಮಾನ್ಯವಾಗಿ ಪಾರ್ 3ರಿಂದ ಆಟ ಮುಗಿಸಲು ಒಪ್ಪುವುದಿಲ್ಲ. ಕೊನೆಯ ಹೋಲು ಉದ್ದವಿರಬೇಕು, ಹಿಂದೆ ಬಿದ್ದವನಿಗೆ ಮೇಲೇಳಲು ಎರಡು ಮೂರು ಹೊಡೆತದ ಅವಕಾಶ ಬೇಕು ಎಂಬುದು ಅವರ ನಂಬಿಕೆ. ಅಟ್ಲಾಂಟಾದ ಈಸ್ಟ್ ಲೇಕ್ ಮೈದಾನದಲ್ಲಿ ಟೂರ್ ಚಾಂಪಿಯನ್‌ಶಿಪ್ ಎಂಬ ವೃತ್ತಿಪರರ ಪಂದ್ಯ ಪಾರ್ 3ರಲ್ಲಿ ಮುಗಿಯುತ್ತಿತ್ತು. 2016ರಲ್ಲಿ ಮೊದಲ ಒಂಬತ್ತನ್ನು ಹಿಂದಕ್ಕೆ, ಹಿಂದಿನ ಒಂಬತ್ತನ್ನು ಮುಂದಕ್ಕೆ ಹಾಕಿ ಅದನ್ನು ತಪ್ಪಿಸಿದರು. ಟಿವಿಯ ಪಂದ್ಯಕ್ಕೆ ಅದು ಸರಿಯಿರಬಹುದು. ಊರಿನ ಮೈದಾನದ ಲೆಕ್ಕ ಬೇರೆ. ಬ್ರೋರಾದ 18ನೆಯದು ಸುಮಾರು 200 ಗಜ, ನಾಲ್ಕರಲ್ಲಿ ಅತಿ ಉದ್ದದ್ದು. ಟೀಗೂ ಗ್ರೀನಿಗೂ ನಡುವೆ ನೆಲ ತಗ್ಗಿ ಮತ್ತೆ ಏರುತ್ತದೆ. ಸ್ವಲ್ಪ ಕಡಿಮೆಯಾದ ಚೆಂಡು ಏರಿನಲ್ಲಿ ಯೋಚಿಸಿ ಕೆಳಗೆ ಉರುಳಿಬರುತ್ತದೆ. ಗ್ರೀನಿನ ಹಿಂದೆಯೇ ಕ್ಲಬ್ಬಿನ ಕಟ್ಟಡ, ಅದರ ಕಿಟಕಿಗಳು.

ಆ ಕಿಟಕಿಗಳ ಒಳಗೆ, ಮೊದಲೇ ಆಡಿ ಮುಗಿಸಿದವರು ಕೂತಿರುತ್ತಾರೆ. ಈಗ ಟೀಯ ಮೇಲೆ ನಿಂತವನ ಮುಂದಿರುವುದು ಸ್ವಲ್ಪ ಹೊತ್ತಿನ ಹಿಂದೆ ಅವರ ಮುಂದಿದ್ದ ಪ್ರಶ್ನೆಯೇ. ಅವರ ಉತ್ತರ ಏನಾಯಿತು ಎಂದು ಅವನಿಗೆ ಗೊತ್ತಿಲ್ಲ. 6ರಲ್ಲಿ, 9ರಲ್ಲಿ, 13ರಲ್ಲಿ ಮೂರು ಕಡೆಯಿಂದ ಬೀಸಿದ ಗಾಳಿ ಈಗ ನಾಲ್ಕನೆಯ ಕಡೆಯಿಂದ ಬರುತ್ತಿದೆ. ಅವನು ಬಗ್ಗಿ ಒಂದು ಚಿಟಿಕೆ ಹುಲ್ಲು ಕೀಳುತ್ತಾನೆ. ಒಳಗಿದ್ದವರು ಲೋಟ ಕೆಳಗಿಟ್ಟು ಕಿಟಕಿಯ ಹತ್ತಿರ ಬರುತ್ತಾರೆ.